ಗೋಡೆಯ ಮೇಲಿನ ಕೋವಿ ಸಿಡಿಯಲೇಬೇಕೆ?

ಕಕ್ಕಡ ತಿಂಗಳ ಮಳೆಯಲ್ಲಿ ಕೊಡಗಿಗೆ ಬರುವ ಪ್ರವಾಸಿಗರ ಧೈರ್ಯವನ್ನು ಮೆಚ್ಚಲೇಬೇಕು. ಅಬ್ಬಿ ಜಲಪಾತ ನೋಡಲು ಬಂದವರು ಹೋಂಸ್ಟೇಯ ಹೆಂಚಿನಿಂದ ಸುರಿಯುವ ನೀರನ್ನು ನೋಡಿಕೊಂಡು ಕುಳಿತಿರುತ್ತಾರೆ. ಮಾಂದಲಪಟ್ಟಿ ಬೆಟ್ಟದ ಮಂಜು ಟಿಕೆಟ್ಟಿಲ್ಲದೆ ಕಿಟಕಿಯವರೆಗೂ ಬಂದಿರುತ್ತದೆ. ಬೇರೆ ಗತಿಯಿಲ್ಲದೆ ಹಗಲೆಲ್ಲ ಸಿನಿಮಾ ನೋಡುತ್ತಾರೆ. ರಾತ್ರಿ ಊಟಕ್ಕೆ ಕುಳಿತು ನೋಡಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಮೆಲುಕು ಹಾಕುತ್ತಾರೆ.

ಅಕ್ಕನ ಸಂಕಟ ಶುರುವಾಗುವುದೇ ಆ ಹೊತ್ತಿಗೆ. ಅಕ್ಕನೆಂದರೆ ನಾಪೋಕ್ಲು ಕಡೆ ಹೋಂಸ್ಟೇ ನಡೆಸುವವರು, ಊರಿಗೆಲ್ಲ ಅಕ್ಕ. ಬಾಡಿಗೆ, ಬಿಸಿನೀರು, ಪಂದಿ ಕರಿ, ಈ ಮೂರು ವಿಷಯಗಳಲ್ಲಿ ಅವರ ಇಂಗ್ಲಿಷಿಗೆ ಎದುರಿಲ್ಲ. ಸಿನಿಮಾದ ಮಾತು ಬಂದಾಗ ಮಾತ್ರ ‘ಸೂಪರ್’, ‘ಬೋರ್’ ಎಂಬ ಎರಡೇ ಪದಗಳಲ್ಲಿ ಸಂಸಾರ ಸಾಗಬೇಕು. “ಅವರು ಅರ್ಧ ಗಂಟೆ ಮಾತಾಡಿ ನನ್ನ ಮುಖ ನೋಡುತ್ತಾರೆ. ನಾನು ‘ಇನ್ನೊಂದು ಕಡುಂಬಿಟ್ಟು ಹಾಕಲೇ?’ ಎನ್ನುತ್ತೇನೆ. ಎಷ್ಟು ದಿನ ಅಂತ ಕಡುಂಬಿಟ್ಟಿನ ಹಿಂದೆ ಅಡಗಿಕೊಳ್ಳಲಿ?” ಎಂದು ಅವರು ಕೇಳಿದ್ದರಿಂದಲೇ ಮೇಷ್ಟರ ಜಗಲಿಯಲ್ಲಿ ಪಾಠ ಆರಂಭವಾದದ್ದು.

ಮೇಷ್ಟರು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಪದದ ಜಾತಕ ನೋಡದೆ ಅದನ್ನು ಬಾಯಿಗೆ ಹಾಕಿಕೊಳ್ಳಬಾರದೆಂಬುದು ಅವರ ವ್ರತ. ಇನ್ನೊಬ್ಬರು ನಮ್ಮ ರೈಟರು. ಕಾಫಿ ತೋಟದಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವರು. ಒಮ್ಮೆ ಅಕ್ಕ ಅತಿಥಿಗಳಿಗೆ “ಇವರು ರೈಟರ್” ಎಂದು ಪರಿಚಯ ಮಾಡಿಕೊಟ್ಟದ್ದೇ ತಡ, ಅವರು ಭಕ್ತಿಯಿಂದ ಎದ್ದು ನಿಂತು, ಏನು ಬರೆಯುತ್ತೀರಿ ಎಂದು ಕೇಳಿದರು. “ದಿನವೂ ಬರೆಯುತ್ತೇನೆ. ಪಾತ್ರಗಳು ನಲವತ್ತು. ಮಳೆ ಬಂದರೆ ಇಪ್ಪತ್ತು” ಎಂದರಂತೆ ರೈಟರು.

ಅಂದು ಕಕ್ಕಡ ಹದಿನೆಂಟು, ಮದ್ದುಸೊಪ್ಪು ತಿನ್ನುವ ದಿನ. ಮೇಷ್ಟರ ಮನೆಯವರು ಮದ್ದುಸೊಪ್ಪಿನ ಪಾಯಸ ತಂದಿಟ್ಟಿದ್ದರು. ಕಡುನೇರಳೆ ಬಣ್ಣ, ತುಪ್ಪ ಬಿದ್ದಲ್ಲಿ ಮಾತ್ರ ಹೊಳಪು. ಚಮಚ ಎತ್ತಿದರೆ ಸ್ಟೀಲ್ ಬಟ್ಟಲಿನ ಅಂಚಿಗೂ ಬಣ್ಣದ ಗೆರೆ. ಆ ನೇರಳೆ ನಾಲಿಗೆಯಲ್ಲೇ ಮೇಷ್ಟರು ‘ಟ್ರೈಲರ್’ ಎಂದು ಆರಂಭಿಸಿದರು.

“ಟ್ರೈಲರ್ ಎಂದರೆ ಹಿಂದೆ ಬರುವುದು. ಮೊದಮೊದಲು ಅದನ್ನು ಸಿನಿಮಾ ಮುಗಿದ ಮೇಲೆಯೇ ತೋರಿಸುತ್ತಿದ್ದರು. ಆಮೇಲೆ ಮುಂದಕ್ಕೆ ತಂದರು, ಹೆಸರು ಹಾಗೆಯೇ ಉಳಿಯಿತು.”

“ಟ್ರ್ಯಾಕ್ಟರಿಗಿಂತ ಮೊದಲೇ ಟ್ರೈಲರ್ ಇಳಿಜಾರಿನಲ್ಲಿ ಬಂದದ್ದನ್ನು ನಾನು ಒಂದು ಸಲ ನೋಡಿದ್ದೇನೆ” ಎಂದರು ರೈಟರು. “ಅದರ ಮುಂದೆ ಯಾವ ಸಿನಿಮಾವೂ ನಿಲ್ಲುವುದಿಲ್ಲ.”

ಅಕ್ಕನಿಗೆ ಜಾತಕ ಬೇಡ, ಬಳಕೆ ಬೇಕು. ಸಿನಿಮಾ ಚೆನ್ನಾಗಿ ಓಡಿದರೆ ಏನೆನ್ನಬೇಕು ಎಂದು ನೇರವಾಗಿ ಕೇಳಿದರು. ‘ಬ್ಲಾಕ್‌ಬಸ್ಟರ್’ ಎಂದರು ಮೇಷ್ಟರು. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸುವ ಜೀವವಲ್ಲ ಅದು. “ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆ ಹಾಕುತ್ತಿದ್ದ 4000 ಪೌಂಡಿನ ಬಾಂಬಿಗೆ ಆ ಹೆಸರಿತ್ತು. ಒಂದು ಬಿದ್ದರೆ ಇಡೀ ಕೇರಿ ಎದ್ದುಹೋಗಬೇಕು. ಸಿನಿಮಾ ಜಾಹೀರಾತಿನವರು 1940ರ ದಶಕದಲ್ಲಿಯೇ ಅದನ್ನು ಎತ್ತಿಕೊಂಡರು.”

“ಸರಿ, ಬಾಂಬ್ ಎಂದರೆ ಗೆದ್ದ ಸಿನಿಮಾ.”

“ಅಲ್ಲ! ಅಮೆರಿಕದಲ್ಲಿ ಸಿನಿಮಾ ಬಾಂಬ್ ಆಯಿತೆಂದರೆ ಮಕಾಡೆ ಮಲಗಿತು ಎಂದರ್ಥ. ಇಂಗ್ಲೆಂಡಿನಲ್ಲಿ ಬಾಂಬಿನಂತೆ ಹೋಯಿತು ಎಂದರೆ ಭರ್ಜರಿಯಾಗಿ ಗೆದ್ದಿತು ಎಂದು.”

“ಹಾಗಾದರೆ ಅತಿಥಿಯ ಪಾಸ್‌ಪೋರ್ಟ್ ನೋಡಿ ಹೊಗಳಬೇಕೇ ಮೇಷ್ಟರೇ?”

“ಕೋಣೆ ಕೊಡುವಾಗ ಗುರುತಿನ ಚೀಟಿ ಹೇಗೂ ಕೇಳುತ್ತೀರಲ್ಲ” ಎಂದರು ರೈಟರು. “ಪಕ್ಕದಲ್ಲೇ ಬಾಂಬಿನ ಅರ್ಥ ಎಂದು ಒಂದು ಕಾಲಂ ಹಾಕಿಬಿಡಿ.”

‘ಸ್ಲೋ ಬರ್ನ್’ ಎಂದರೆ ನಿಧಾನವಾಗಿ ಕಾವೇರುವ ಕಥೆ ಎಂದದ್ದು ಅಕ್ಕನಿಗೆ ತಕ್ಷಣ ಹಿಡಿಸಿತು. ಕಕ್ಕಡದಲ್ಲಿ ಹಸಿ ಸೌದೆ ಊದಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಕಣ್ಣಲ್ಲಿ ನೀರು ಬರುವುದು ಕಥೆಗೋ ಹೊಗೆಗೋ ಎಂಬುದೊಂದೇ ಅವರ ಅನುಮಾನ.

‘ಸ್ಪಾಯ್ಲರ್’ ಮಾತ್ರ ಜಗಳಕ್ಕೆ ಕಾರಣವಾಯಿತು. ಕಥೆಯ ಕೊನೆಯನ್ನು ಮೊದಲೇ ಹೇಳಿ ರುಚಿ ಕೆಡಿಸುವುದಕ್ಕೆ ಆ ಹೆಸರು. ಹಿಂದಿನ ವಾರ ಒಬ್ಬ ಅತಿಥಿಯ ಮುಂದೆ ಅಕ್ಕ ಕೊಲೆಗಾರ ಯಾರೆಂದು ಹೇಳಿಬಿಟ್ಟು, ಆತ ಅರ್ಧ ಊಟದಲ್ಲಿ ಕೈ ತೊಳೆದುಕೊಂಡಿದ್ದ. “ನನ್ನ ತಪ್ಪೇನು? ಅವನ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು” ಎಂಬುದು ಅಕ್ಕನ ವಾದ. ನಾನಂತೂ ಅಕ್ಕನ ಪರ. ತುಲಾ ಸಂಕ್ರಮಣಕ್ಕೆ ತಲಕಾವೇರಿಯ ತೀರ್ಥೋದ್ಭವ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಂದು ಪಂಚಾಂಗ ಮೊದಲೇ ಹೇಳುತ್ತದೆ, ಪತ್ರಿಕೆಗಳು ಅಚ್ಚು ಹಾಕುತ್ತವೆ. ಅದಕ್ಕಿಂತ ದೊಡ್ಡ ಸ್ಪಾಯ್ಲರ್ ಬೇಕೆ? ಆದರೂ ನಡುರಾತ್ರಿಯ ಮುಹೂರ್ತವಾದರೂ ಜನ ಚಳಿಯಲ್ಲಿ ಬಿಂದಿಗೆ, ಬಾಟಲಿ ಹಿಡಿದು ಕೊಳದ ಸುತ್ತ ನಿಂತಿರುತ್ತಾರೆ. ಏನಾಗುತ್ತದೆಂದು ತಿಳಿದರೆ ನೋಡುವ ಸುಖವೇ ಹೋಗುತ್ತದೆ ಎನ್ನುವವರು ಕಥೆಯನ್ನು ಲಾಟರಿ ಟಿಕೆಟ್ ಎಂದುಕೊಂಡಿದ್ದಾರೆ.

ಮೇಷ್ಟರು ಮುಂದಿನ ಪದಕ್ಕೆ ಹೊರಳಿದರು. ‘ಪ್ಲಾಟ್ ಹೋಲ್.’

“ಗೊತ್ತು” ಎಂದರು ರೈಟರು, ಇಷ್ಟು ಹೊತ್ತಿನಲ್ಲಿ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿ. “ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ಬೇಸಗೆಯ ಮೊದಲ ಮಳೆ ಬಿದ್ದ ಮೇಲೆ ತೋಡಬೇಕು.”

“ಅದು ಕಾಫಿ ಗಿಡದ ಗುಂಡಿ! ಇದು ಕಥೆಯ ತರ್ಕದಲ್ಲಿ ಬಿಟ್ಟುಹೋದ ತೂತು. ನಾಯಕ ಬೆಳಿಗ್ಗೆ ಮಡಿಕೇರಿಯಲ್ಲಿ ಕಾಲು ಮುರಿದುಕೊಳ್ಳುತ್ತಾನೆ, ಮಧ್ಯಾಹ್ನ ಕುಶಾಲನಗರದಲ್ಲಿ ಕುಣಿಯುತ್ತಾನೆ. ಅಂಥದ್ದು.”

“ನನ್ನ ಹಾಜರಿ ಪುಸ್ತಕದಲ್ಲಿ ಅಂಥವರು ಮೂವರಿದ್ದಾರೆ. ಇಲ್ಲಿ ಜ್ವರ ಎಂದು ರಜೆ, ಸಂತೆಯಲ್ಲಿ ನಗುತ್ತಾ ದರ್ಶನ. ನಾನು ಅದನ್ನು ತೂತು ಎನ್ನುವುದಿಲ್ಲ. ಗುಂಡಿ ಇಲ್ಲದಿದ್ದರೆ ಗಿಡ ಎಲ್ಲಿ ನೆಡುತ್ತೀರಿ?”

ಇದಕ್ಕೆ ಮೇಷ್ಟರ ಬಳಿ ಉತ್ತರವಿರಲಿಲ್ಲ. ಅವರು ಪಾಯಸದ ಬಟ್ಟಲಿನೊಳಗೆ ನೋಡಿ ಸಿನಿಮಾ ನಿರ್ದೇಶಕ ಹಿಚ್‌ಕಾಕ್‌ನನ್ನು ಕರೆದರು. 1939ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಉಪನ್ಯಾಸವೊಂದರಲ್ಲಿ ಆತ ‘ಮ್ಯಾಕ್‌ಗಫಿನ್’ ಎಂಬ ಪದದ ಬಗ್ಗೆ ಮಾತಾಡಿದ್ದ. ಕಥೆಯಲ್ಲಿ ಎಲ್ಲರೂ ಅಟ್ಟಿಸಿಕೊಂಡು ಹೋಗುವ ವಸ್ತು ಅದು. ಒಳಗೆ ಏನಿದೆ ಎಂಬುದು ಮುಖ್ಯವಲ್ಲ, ಅಟ್ಟಿಸಿಕೊಂಡು ಹೋಗಬೇಕು, ಅಷ್ಟೆ. ಆತ ಹೇಳುತ್ತಿದ್ದ ಕಥೆ ಹೀಗಿದೆ: ರೈಲಿನಲ್ಲಿ ಒಬ್ಬನ ಗಂಟು ನೋಡಿ ಇನ್ನೊಬ್ಬ ಇದೇನೆಂದು ಕೇಳುತ್ತಾನೆ. ಮ್ಯಾಕ್‌ಗಫಿನ್, ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಸಿಂಹ ಹಿಡಿಯುವ ಸಾಧನ ಎನ್ನುತ್ತಾನೆ ಇವನು. ಅಲ್ಲಿ ಸಿಂಹಗಳೇ ಇಲ್ಲವಲ್ಲ? ಹಾಗಾದರೆ ಇದು ಮ್ಯಾಕ್‌ಗಫಿನ್ ಅಲ್ಲ.

“ಪುಣ್ಯವಂತರು” ಎಂದು ರೈಟರು ನಿಟ್ಟುಸಿರುಬಿಟ್ಟರು. “ಅವರಿಗೆ ಸಾಧನವಿದೆ, ಸಿಂಹವಿಲ್ಲ. ನಮ್ಮ ತೋಟಕ್ಕೆ ಸೋಲಾರ್ ಬೇಲಿಯೂ ಇದೆ, ಆನೆಯೂ ಇದೆ. ಎರಡಕ್ಕೂ ಪರಸ್ಪರ ಪರಿಚಯವೇ ಇಲ್ಲ.”

ಆಗ ಅಕ್ಕ ತಮ್ಮ ನಿಜವಾದ ದುಃಖ ತೋಡಿಕೊಂಡರು. ಅವರ ಊಟದ ಕೋಣೆಯ ಗೋಡೆಯ ಮೇಲೆ ಮಾವನವರ ಕಾಲದ ಕೋವಿ ಇದೆ. ಮರದ ಹಿಡಿ ಕೈ ತಾಗಿ ತಾಗಿ ನುಣುಪಾಗಿದೆ. ಎಣ್ಣೆ ಬಟ್ಟೆಯಲ್ಲಿ ಒರೆಸಿಯೂ ಮಳೆಗಾಲದ ತುಕ್ಕು ಗುಂಡು ಹಾರಿಸುವ ಕುದುರೆಯ ಹತ್ತಿರ ಸ್ವಲ್ಪ ಕೂತಿದೆ. ಅತಿಥಿಯೊಬ್ಬ ಅದನ್ನು ಬೆರಳಿನಿಂದ ತೋರಿಸಿ, “ಓಹ್, ಚೆಕಾಫ್‌ನ ಕೋವಿ!” ಎಂದು ಇಂಗ್ಲಿಷಿನಲ್ಲಿ ಉದ್ಗರಿಸಿದ. ಅಕ್ಕ ಗಾಬರಿಯಾಗಿ, “ಇಲ್ಲ, ಇಲ್ಲ. ನಮ್ಮ ಮಾವನವರದು. ದಾಖಲೆ ಇದೆ” ಎಂದರು. ಮೇಜಿನ ಸುತ್ತ ಎಲ್ಲರೂ ನಕ್ಕರು. ಯಾಕೆ ನಕ್ಕರೆಂದು ತಿಳಿಯದೆ ಅಕ್ಕನಿಗೆ ಮೂರು ರಾತ್ರಿ ನಿದ್ದೆ ಇಲ್ಲ.

ಮೇಷ್ಟರಿಗೆ ಜೀವ ಬಂತು. ರಷ್ಯಾದ ನಾಟಕಕಾರ ಚೆಕಾಫ್ 1889ರಲ್ಲಿ ಒಂದು ಪತ್ರ ಬರೆದರು: ಹಾರಿಸುವ ಉದ್ದೇಶ ಯಾರಿಗೂ ಇಲ್ಲದಿದ್ದರೆ ಗುಂಡು ತುಂಬಿದ ಕೋವಿಯನ್ನು ರಂಗದ ಮೇಲೆ ಇಡಬಾರದು. ಕಥೆಗೆ ಬೇಡದ್ದನ್ನು ತೋರಿಸಬೇಡಿ, ತೋರಿಸಿದರೆ ಬಳಸಿ ಎಂಬುದು ತಾತ್ಪರ್ಯ.

“ಆ ಮನುಷ್ಯ ಕೊಡಗಿಗೆ ಬಂದಿರಲಿಲ್ಲ” ಎಂದರು ಅಕ್ಕ.

ಇದಕ್ಕಿಂತ ಚೊಕ್ಕವಾದ ಸಾಹಿತ್ಯ ವಿಮರ್ಶೆಯನ್ನು ನಾನು ಕೇಳಿಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಇಷ್ಟೊಂದು ಗೋಡೆಗಳ ಮೇಲೆ ಇಷ್ಟೊಂದು ಕೋವಿಗಳು! ಚೆಕಾಫ್ ಹೇಳಿದಂತೆ ಎಲ್ಲವೂ ಸಿಡಿಯಬೇಕೆಂದರೆ ಜಿಲ್ಲೆಯಲ್ಲಿ ಕಥೆ ಹೇಳಲು ಯಾರೂ ಉಳಿಯುವುದಿಲ್ಲ. ಆಯುಧಗಳ ಹಬ್ಬವಾದ ಕೈಲ್‌ಪೊಳ್ದಿಗೆ ಕೋವಿಯನ್ನು ಇಳಿಸಿ, ಒರೆಸಿ, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಬಾಯಲ್ಲಿ ಹೂವಿಟ್ಟುಕೊಂಡ ಕೋವಿಯನ್ನು ಯಾವ ನಾಟಕಕಾರ ಏನು ಮಾಡಬಲ್ಲ?

“ಅವರ ನಾಟಕದಲ್ಲಾದರೂ ಗುಂಡು ಸರಿಯಾಗಿ ಬೀಳುತ್ತಿತ್ತೇ?” ಎಂದು ಕೇಳಿದರು ರೈಟರು.

ಮೇಷ್ಟರು ಸ್ವಲ್ಪ ಹಿಂಜರಿದು, ಒಂದು ನಾಟಕದಲ್ಲಿ ಒಬ್ಬ ಎರಡು ಸಲ ಹಾರಿಸಿ ಎರಡೂ ಸಲ ಗುರಿ ತಪ್ಪುತ್ತಾನೆ ಎಂದರು.

“ನೋಡಿ! ಕೈಲ್‌ಪೊಳ್ದಿನ ತೆಂಗಿನಕಾಯಿ ಸ್ಪರ್ಧೆಯಲ್ಲಿ ಅಂಥವನನ್ನು ಮೊದಲ ಸುತ್ತಿನಲ್ಲೇ ಮನೆಗೆ ಕಳುಹಿಸುತ್ತಾರೆ.”

ಅಕ್ಕ ಈಗ ಮಾತಿಗೆ ನಿಂತರು. “ನಮ್ಮ ಕೋವಿ ಸಿಡಿಯುವುದಿಲ್ಲ ಎಂದವರು ಯಾರು? ಪುತ್ತರಿ ಹಬ್ಬಕ್ಕೆ ಕದಿರು ಕೊಯ್ಯುವಾಗ ಸಿಡಿಯುತ್ತದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು. ನಾನು ಹುಟ್ಟಿದಾಗ ಸದ್ದೇ ಇಲ್ಲ, ಆ ಸಿಟ್ಟು ಇನ್ನೂ ಇದೆ, ಅದು ಬೇರೆ ವಿಷಯ. ಸಾವಾದರೆ ಎರಡು ಗುಂಡು. ಮೊದಲ ಅಂಕದಲ್ಲೂ ಸಿಡಿಯುತ್ತದೆ, ಕೊನೆಯ ಅಂಕದಲ್ಲೂ ಸಿಡಿಯುತ್ತದೆ. ನಡುವೆ ಅದರ ಕೆಳಗೆ ಕುಳಿತು ಊಟ ಮಾಡುತ್ತೇವೆ. ಇಂದು ರಾತ್ರಿ ಅವನಿಗೆ ಹೀಗೆಯೇ ಹೇಳುತ್ತೇನೆ.”

“ಹೇಳಲೇಬೇಕು” ಎಂದು ಮೇಷ್ಟರು ಉತ್ಸಾಹದಿಂದ ಇಂಗ್ಲಿಷ್ ವಾಕ್ಯ ಕಟ್ಟತೊಡಗಿದರು. ಅಕ್ಕ ಎರಡು ಸಲ ಅದನ್ನು ಬಾಯಿಪಾಠ ಮಾಡಿ ನಿಲ್ಲಿಸಿದರು. “ಮೇಷ್ಟರೇ, ಒಂದು ಗುಂಡು, ಎರಡು ಗುಂಡು, ಸಾವು ಎಂದೆಲ್ಲ ಊಟದ ಹೊತ್ತಿನಲ್ಲಿ ಹೇಳಿದರೆ ಅವರು ರಾತ್ರೋರಾತ್ರಿ ಕೋಣೆ ಖಾಲಿ ಮಾಡುವುದಿಲ್ಲವೇ?”

“ಬಾಡಿಗೆ ಮೊದಲು ತೆಗೆದುಕೊಳ್ಳಿ” ಎಂದರು ರೈಟರು.