ವಿಡಿಯೋ ನೋಡುತ್ತಾರೆ, ಗುಂಪಿನಲ್ಲಿ ಮಾತ್ರ ಒಬ್ಬರೇ ಬರೆಯುತ್ತಾರೆ

ಪ್ರಶ್ನೆ: ಮೇಡಂ, ಐದನೇ ತರಗತಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಚಂದ್ರನ ಕಲೆಗಳ (ದಿನದಿಂದ ದಿನಕ್ಕೆ ಬದಲಾಗುವ ಆಕಾರಗಳ) ಬಗ್ಗೆ 10 ನಿಮಿಷದ ವಿಡಿಯೋ ತೋರಿಸಿ, ಆಮೇಲೆ ಆರಾರು ಮಕ್ಕಳ ಗುಂಪು ಮಾಡಿ ಚರ್ಚೆಗೆ ಬಿಟ್ಟೆ. ಚುರುಕಾದ ಒಂದು ಮಗು ಬರೆಯಿತು, ಉಳಿದವರದ್ದು ಬರೀ ಹರಟೆ. ಮರುದಿನ ಕೇಳಿದರೆ "ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣದಾಗುತ್ತದೆ" ಅಂದರು! ವಿಡಿಯೋ ಬಿಡಲೋ, ಗುಂಪು ಬಿಡಲೋ?

ಉತ್ತರ: ಎರಡನ್ನೂ ಬಿಡಬೇಡಿ ಸರ್. ಮೊದಲು ವಿಡಿಯೋವನ್ನೇ ಅನುಮಾನದಿಂದ ನೋಡಿ. ಬಹಳಷ್ಟು ಆನಿಮೇಷನ್‌ಗಳಲ್ಲಿ ಭೂಮಿ, ಚಂದ್ರ ಅಕ್ಕಪಕ್ಕದಲ್ಲೇ ಇರುತ್ತವೆ. ನಿಜವಾಗಿ ನಡುವಿನ ದೂರ ಭೂಮಿಯ ವ್ಯಾಸದ ಸುಮಾರು 30 ಪಟ್ಟು. ಅಷ್ಟು ಹತ್ತಿರ ತೋರಿಸಿದರೆ ನೆರಳು ಬೀಳುತ್ತದೆ ಅಂತ ಮಕ್ಕಳಿಗೆ ಅನಿಸುವುದು ಸಹಜ ಅಲ್ವಾ?

ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ. ಮುಂದಿನ ತುಣುಕಿಗೆ ಮೊದಲು "ಈಗ ಚಂದ್ರ ಹೇಗೆ ಕಾಣಬಹುದು?" ಅಂತ ಕೇಳಿ, ಪ್ರತಿಯೊಬ್ಬರೂ ಒಬ್ಬರೇ ಚಿತ್ರ ಬಿಡಿಸಲಿ, ಆಮೇಲೆ ಪಕ್ಕದವರಿಗೆ ತೋರಿಸಿ ಜಗಳವಾಡಲಿ, ಆಮೇಲಷ್ಟೇ ವಿಡಿಯೋ ಮುಂದುವರಿಯಲಿ. ಒಬ್ಬರೇ ಬಿಡಿಸುವ ಹೆಜ್ಜೆ ತಪ್ಪಿದರೆ ಚುರುಕು ಮಗುವಿನ ಉತ್ತರವೇ ಎಲ್ಲರದ್ದೂ ಆಗಿಬಿಡುತ್ತದೆ.

ಗುಂಪು ನಾಲ್ಕೇ ಜನರದ್ದಿರಲಿ, ಆರು ಜಾಸ್ತಿ. 1971ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಶುರು ಮಾಡಿದ ಜಿಗ್ಸಾ ಪದ್ಧತಿ (ಪಾಠವನ್ನು ಭಾಗ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಡುವುದು) ಇಲ್ಲಿ ಚೆನ್ನಾಗಿ ಹೊಂದುತ್ತದೆ. ಒಬ್ಬರಿಗೆ ಅಮಾವಾಸ್ಯೆ, ಒಬ್ಬರಿಗೆ ಅರ್ಧಚಂದ್ರ, ಒಬ್ಬರಿಗೆ ಹುಣ್ಣಿಮೆ, ಇನ್ನೊಬ್ಬರಿಗೆ ಚಂದ್ರಗ್ರಹಣ. ಎಲ್ಲ ಗುಂಪಿನ ಅರ್ಧಚಂದ್ರದವರು ಒಂದು ಕಡೆ ಸೇರಿ ತಮ್ಮ ತುಣುಕು ನೋಡಿ ಕಲಿತು, ತಮ್ಮ ಮೊದಲಿನ ಗುಂಪಿಗೆ ವಾಪಸ್ ಬಂದು ಹೇಳಿಕೊಡಬೇಕು. ಅವರು ಹೇಳದಿದ್ದರೆ ಗುಂಪಿಗೆ ಆ ಭಾಗ ಗೊತ್ತೇ ಆಗುವುದಿಲ್ಲ, ಹಾಗಾಗಿ ಸುಮ್ನೆ ಕೂರುವಂತಿಲ್ಲ.

ಗ್ರಹಣದ ಮಗು ಬಾಯಿ ಬಿಟ್ಟಾಗ ಮಜಾ ಶುರುವಾಗುತ್ತದೆ. ನೆರಳು ಬೀಳುವುದು ಗ್ರಹಣದಲ್ಲಿ, ಅದೂ ಹುಣ್ಣಿಮೆಗೆ ಮಾತ್ರ. ಹಾಗಾದರೆ ಅರ್ಧಚಂದ್ರ? ಅವತ್ತು ಸೂರ್ಯನಿಂದ ಚಂದ್ರ ಸುಮಾರು 90 ಡಿಗ್ರಿ ಪಕ್ಕಕ್ಕಿರುತ್ತಾನೆ, ಭೂಮಿಯ ನೆರಳು ಬೀಳುವುದು ಸೂರ್ಯನ ಎದುರು ದಿಕ್ಕಿಗೆ. ಮುಟ್ಟುವುದು ಹೇಗೆ? ಕೋಣೆ ಕತ್ತಲು ಮಾಡಿ, ಸೂರ್ಯನ ಬದಲು ಒಂದೇ ಬಲ್ಬ್ ಹಚ್ಚಿ, ಚಂದ್ರನ ಬದಲು ಕಡ್ಡಿಗೆ ಸಿಕ್ಕಿಸಿದ ಬಿಳಿ ಚೆಂಡನ್ನು ತಲೆಗಿಂತ ಸ್ವಲ್ಪ ಮೇಲೆ ಹಿಡಿದು ಪ್ರತಿ ಮಗುವೂ ನಿಂತಲ್ಲೇ ನಿಧಾನಕ್ಕೆ ಸುತ್ತಲಿ. ಚೆಂಡಿನ ಮೇಲೆ ಅರ್ಧ ಬೆಳಕು ಅವರ ಕಣ್ಣೆದುರೇ ಮೂಡುತ್ತದೆ. ವಿಡಿಯೋದಲ್ಲಿ ಇದು ಸಿಗುವುದು ಕಷ್ಟ, ಅಲ್ಲಿ ಹೆಚ್ಚಾಗಿ ಮೇಲಿನಿಂದ ನೋಡಿದ ಚಿತ್ರವೇ ಇರುತ್ತದೆ.

ಇನ್ನೊಬ್ಬರ ಪ್ರಶ್ನೆ: ಅಂಕ ಗುಂಪಿಗೆ ಕೊಡೋದಾ, ಒಬ್ಬೊಬ್ಬರಿಗಾ?

ಉತ್ತರ: ಒಬ್ಬೊಬ್ಬರಿಗೇ. ಚರ್ಚೆ ಗುಂಪಿನಲ್ಲಿ, ಕೊನೆಯ ಎರಡು ಪ್ರಶ್ನೆ ಒಬ್ಬರೇ ಬರೆಯಲಿ. ಗುಂಪಿನ ಪರವಾಗಿ ಮಾತಾಡಬೇಕಾದಾಗ ಮಕ್ಕಳಿಗೆ 1ರಿಂದ 4 ನಂಬರ್ ಕೊಟ್ಟು, ಆ ಕ್ಷಣಕ್ಕೆ ತೋಚಿದ ನಂಬರ್ ಕೂಗಿ. ಮೊದಲೇ ಹೇಳಬೇಡಿ.