ಲೇಬರ್ ರೂಮಿನ ಕೆಲಸ ಚೆನ್ನಾಗಿದೆ ಅಂತ ಯಾವ ಲೆಕ್ಕದಿಂದ ಹೇಳೋದು?

ಪ್ರಶ್ನೆ (ಸ್ಟಾಫ್ ನರ್ಸ್, ತಾಲ್ಲೂಕು ಆಸ್ಪತ್ರೆ): ಮೇಡಂ, ನಮ್ಮಲ್ಲಿ ತಿಂಗಳಿಗೆ ಸುಮಾರು 60 ಹೆರಿಗೆ ಆಗುತ್ತವೆ. ಕಳೆದ ವರ್ಷ ಒಬ್ಬ ತಾಯಿಯೂ ತೀರಿಕೊಂಡಿಲ್ಲ. ಆದರೂ ಮೀಟಿಂಗಿನಲ್ಲಿ ಸಿಸೇರಿಯನ್ ಜಾಸ್ತಿ ಅಂತ ಬೈಸಿಕೊಂಡು ಬಂದೆವು. ನಮ್ಮ ಕೆಲಸ ತೋರಿಸಲು ಏನನ್ನು ಲೆಕ್ಕ ಇಡಬೇಕು?

ಉತ್ತರ (ಹೆರಿಗೆ ತಜ್ಞೆ): ಸಿಸ್ಟರ್, ಬೇಜಾರು ಮಾಡ್ಕೋಬೇಡಿ, ಆ ಸೊನ್ನೆಯನ್ನು ನೆಚ್ಚಿಕೊಳ್ಳಬೇಡಿ. 2018-20ರ ಎಸ್‌ಆರ್‌ಎಸ್ (ಜನನ-ಮರಣ ಲೆಕ್ಕ ಹಾಕುವ ಕೇಂದ್ರ ಸರ್ಕಾರದ ಮಾದರಿ ಸಮೀಕ್ಷೆ) ಪ್ರಕಾರ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 69 ತಾಯಂದಿರ ಸಾವು. ಅಂದರೆ ಸುಮಾರು 1,450 ಹೆರಿಗೆಗೆ ಒಂದು. ನಿಮ್ಮಲ್ಲಿ ವರ್ಷಕ್ಕೆ 720. ಕೆಲಸ ಸುಮಾರಾಗಿದ್ದರೂ ಸೊನ್ನೆ ಬರಬಹುದು. ಮೇಲಾಗಿ ಕಷ್ಟದ ಕೇಸುಗಳನ್ನು ಜಿಲ್ಲಾಸ್ಪತ್ರೆಗೆ ಕಳಿಸುತ್ತೀರಿ, ಅಲ್ವಾ? ಅಲ್ಲಿ ಏನಾದರೂ ಆದರೆ ಅವರ ರಿಜಿಸ್ಟರಿಗೆ ಹೋಗುತ್ತದೆ. ರೆಫರ್ ಮಾಡಿದ ಪ್ರತಿ ಹೆಸರಿನ ಮುಂದೆ ಒಂದು ಕಾಲಂ ಹಾಕಿ: 42ನೇ ದಿನ ತಾಯಿ, ಮಗು ಹೇಗಿದ್ದಾರೆ? ಹೆರಿಗೆಯಾಗಿ 42 ದಿನದೊಳಗಿನ ಸಾವನ್ನೂ ತಾಯಿ ಮರಣ ಅಂತಲೇ ಹಿಡಿಯುತ್ತಾರೆ. ಆ ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ.

ಜೊತೆಗೆ ಸ್ವಲ್ಪದರಲ್ಲಿ ಉಳಿದವರನ್ನು ಎಣಿಸಿ. ಫಿಟ್ಸ್ ಬಂದವರು, ಬಾಟಲಿಗಟ್ಟಲೆ ರಕ್ತ ಏರಿಸಿದವರು, ಗರ್ಭಕೋಶ ತೆಗೆದವರು. ಕಲಿಯೋದು ಇವರಿಂದಲೇ ಜಾಸ್ತಿ.

ಸಿಸೇರಿಯನ್ ವಿಷಯದಲ್ಲಿ ಒಟ್ಟು ಶೇಕಡಾ ಹಿಡಿದು ಬೈಯೋದು ಸುಮ್ನೆ. ರಾಬ್ಸನ್ ವಿಂಗಡಣೆ ಅಂತ ಇದೆ, ಬಂದವರನ್ನೆಲ್ಲ 10 ಗುಂಪು ಮಾಡುತ್ತದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಬಳಸಿ ಎಂದಿತು. ಚೊಚ್ಚಲು, ದಿನ ತುಂಬಿದೆ, ಒಂದೇ ಮಗು, ತಲೆ ಕೆಳಗಿದೆ, ನೋವು ತಾನಾಗೇ ಬಂದಿದೆ: ಇದು 1ನೇ ಗುಂಪು. ಇಲ್ಲಿ ಆಪರೇಷನ್ ಜಾಸ್ತಿ ಇದ್ದರೆ ನಿಮ್ಮನ್ನು ಕೇಳಲಿ. ಮೊದಲೇ ಬೇರೆ ಕಡೆ ಆಪರೇಷನ್ ಆಗಿ ಬಂದವರು 5ನೇ ಗುಂಪು. ಅದಕ್ಕೂ ನೀವೇ ಹೊಣೆ ಅಂದರೆ ಹೇಗೆ?

ಮರುಪ್ರಶ್ನೆ: ರಕ್ತಸ್ರಾವದ ಲೆಕ್ಕ ಹೇಗೆ ಮೇಡಂ? ನಾವು ಕಣ್ಣಂದಾಜಿನಲ್ಲಿ "200 ಎಂಎಲ್" ಅಂತ ಬರೀತೀವಿ.

ಉತ್ತರ: ಎಲ್ಲ ಕೇಸ್ ಶೀಟಿನಲ್ಲೂ ಅದೇ 200! ನಾನೂ ನೋಡಿದ್ದೀನಿ. ಬೆಳಗಾವಿಯಲ್ಲೇ ಇದಕ್ಕೆ ಒಳ್ಳೆ ಕೆಲಸ ನಡೆದಿದೆ. ಸೊಂಟದ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಎಂಎಲ್ ಗೆರೆ ಇರುವ ಚೀಲ. ಅದರಲ್ಲಿ ಅಳೆದಾಗ ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗ ಕಡಿಮೆ ಅಂತ ಗೊತ್ತಾಯಿತು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳ ಫಲಿತಾಂಶ ಬಂತು. ಚೀಲದಲ್ಲಿ ಅಳೆದು, ಹೆಚ್ಚಾದ ಕೂಡಲೇ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಶುರು ಮಾಡಿದ ಕಡೆ ತೀವ್ರ ತೊಂದರೆ ಶೇ 60ರಷ್ಟು ಕಡಿಮೆ.

ಚೀಲ ಇಲ್ಲವೇ? ನೆನೆದ ಪ್ಯಾಡು, ಬಟ್ಟೆ ತೂಗಿ, ಒಣ ತೂಕ ಕಳೆಯಿರಿ. 1 ಗ್ರಾಂ ಅಂದರೆ ಹೆಚ್ಚೂಕಡಿಮೆ 1 ಎಂಎಲ್. ಆದರೆ ಒಂದು ಮಾತು: ಅಳೆಯಲು ಶುರು ಮಾಡಿದ ತಿಂಗಳು 500 ಎಂಎಲ್ (ಅತಿ ರಕ್ತಸ್ರಾವದ ಗೆರೆ) ದಾಟಿದವರ ಸಂಖ್ಯೆ ಏರಬಹುದು. ಕೆಲಸ ಕೆಟ್ಟಿದೆ ಅಂತಲ್ಲ, ಇಷ್ಟು ದಿನ ಕಾಣದ್ದು ಈಗ ಕಾಣುತ್ತಿದೆ. ನಿಮ್ಮ ಡಾಕ್ಟರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಮತ್ತೆ ಮೀಟಿಂಗಿನಲ್ಲಿ ನಿಮಗೇ ಪೂಜೆ.

ಇನ್ನೊಬ್ಬರ ಪ್ರಶ್ನೆ: ಡಿಸ್ಚಾರ್ಜ್ ಆಗುವಾಗ ಫಾರಂ ತುಂಬಿಸುತ್ತೇವೆ. ಎಲ್ಲರೂ "ಚೆನ್ನಾಗಿ ನೋಡಿಕೊಂಡ್ರು" ಅಂತಲೇ ಬರೆಯುತ್ತಾರೆ. ಇದರಿಂದ ಉಪಯೋಗ ಇದೆಯಾ?

ಉತ್ತರ: ಹೊಲಿಗೆ ಹಾಕಿದವರೇ ಎದುರು ನಿಂತು ಕೇಳಿದರೆ ಬಾಣಂತಿ ಇನ್ನೇನು ಹೇಳ್ತಾಳೆ? ಕೇಳುವವರು ಬೇರೆಯವರಿರಲಿ, ಮನೆಗೆ ಹೋದ ಮೇಲೆ ಕೇಳಲಿ. "ಹೇಗಿತ್ತು" ಅನ್ನಬೇಡಿ, ನಡೆದದ್ದನ್ನು ಕೇಳಿ. ನೋವಿನಲ್ಲಿ ಅಮ್ಮನೋ ಅಕ್ಕನೋ ಜೊತೆಗಿದ್ದರಾ? ನೀರು ಕೊಟ್ಟರಾ? ಕೊಯ್ಯುವ ಮುಂಚೆ ಹೇಳಿದರಾ? ಯಾರಾದರೂ ಗದರಿದರಾ, ಕೈ ಮಾಡಿದರಾ? ಹೌದು-ಇಲ್ಲ ಸಾಕು. ಮೊದಲ ತಿಂಗಳು 20 ಜನರನ್ನು ಕೇಳಿ, ಉತ್ತರ ಇಲ್ಲೇ ಹಾಕಿ, ನೋಡೋಣ.