ಅಳಿಲು ಮರಿ ಸಿಕ್ಕಿದೆ, ಕಣ್ಣು ಬಿಟ್ಟಿಲ್ಲ, ಹಾಲು ಕುಡಿಯುತ್ತಿಲ್ಲ. ಏನು ಮಾಡಲಿ?

ಕಿಟಕಿ_ಸೀಟು | ಬೆಳಗ್ಗೆ 10:40

ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಗ್ಗೆ ಪಕ್ಕದ ಮನೆಯವರು ಮರದ ಕೊಂಬೆ ಕಡಿಸಿದರು. ಕೊಂಬೆಯ ಜೊತೆ ಅಳಿಲಿನ ಗೂಡೂ ಕೆಳಗೆ ಬಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಎರಡು ಮರಿಗಳಲ್ಲಿ ಒಂದು ಸತ್ತಿತ್ತು. ಇನ್ನೊಂದು ಬದುಕಿದೆ. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಕಣ್ಣು ಬಿಟ್ಟಿಲ್ಲ. ಮೈಮೇಲೆ ತೆಳು ಕೂದಲಿದೆ, ಬೆನ್ನಿನ ಪಟ್ಟೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಮಸುಕಾಗಿ ಕಾಣುತ್ತದೆ. ಬಾಲ ಮಾತ್ರ ಇನ್ನೂ ಇಲಿ ಬಾಲದ ಥರಾನೇ ಇದೆ.

ಶೂ ಡಬ್ಬದಲ್ಲಿ ಟವೆಲ್ ಹಾಸಿ ಮಲಗಿಸಿದ್ದೇನೆ. ಹಸುವಿನ ಹಾಲಿಗೆ ನೀರು ಬೆರೆಸಿ, ಹತ್ತಿಯಲ್ಲಿ ಅದ್ದಿ ಬಾಯಿಗೆ ಇಟ್ಟೆ. ಕುಡಿಯಲಿಲ್ಲ. ಎರಡು ಹನಿ ಮೂಗಿನಿಂದ ಆಚೆ ಬಂತು. ಗಾಬರಿಯಾಗಿ ನಿಲ್ಲಿಸಿಬಿಟ್ಟೆ. ಮುಟ್ಟಿದರೆ ಮೈ ತಣ್ಣಗಿದೆ.

ಮನುಷ್ಯರು ಮುಟ್ಟಿದರೆ ತಾಯಿ ಮತ್ತೆ ಸೇರಿಸಿಕೊಳ್ಳಲ್ಲ ಅಂತ ನಮ್ಮತ್ತೆ ಹೇಳುತ್ತಿದ್ದಾರೆ. ನಿಜಾನಾ? ಎಷ್ಟು ಹಾಲು, ಎಷ್ಟು ಹೊತ್ತಿಗೊಮ್ಮೆ ಕೊಡಬೇಕು? ಮನೆಯಲ್ಲಿ ಬೆಕ್ಕು ಬೇರೆ ಇದೆ. ಗೊತ್ತಿರುವವರು ಬೇಗ ಹೇಳಿ, ಪ್ಲೀಸ್.


ಹಳೇ_ಸೈಕಲ್ | 10:52

ಹಸುವಿನ ಹಾಲೇ ಸಾಕು, ಸ್ವಲ್ಪ ಸಕ್ಕರೆ ಹಾಕಿ. ಅಂಗಾತ ಮಲಗಿಸಿಕೊಂಡು ಹನಿ ಹನಿಯಾಗಿ ಬಿಡಿ. ಮಗುವಿಗೆ ಕುಡಿಸುವ ಹಾಗೇ, ಅಷ್ಟೆ.


ಹೆಂಚಿನ_ಮನೆ | 11:05

ಸೈಕಲ್ ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ನೀವು ಹೇಳಿದ ಮೂರೂ ತಪ್ಪು. ಕಿಟಕಿ ಸೀಟು ಅವರೇ, ಹಾಲು ಪಕ್ಕಕ್ಕಿಡಿ. ಸದ್ಯಕ್ಕೆ ಹಾಲಿನ ವಿಷಯವೇ ಬೇಡ. ಮೊದಲು ಬಿಸಿ.

ಒಂಬತ್ತು ವರ್ಷದಲ್ಲಿ ಹನ್ನೊಂದು ಮರಿ ನನ್ನ ಕೈಗೆ ಬಂದಿವೆ. ನಾಲ್ಕು ಸತ್ತಿವೆ. ಮೊದಲನೆಯದು ಸತ್ತಿದ್ದು ನನ್ನ ಅವಸರಕ್ಕೇ. ನಿಮ್ಮದರ ಹಾಗೇ ತಣ್ಣಗಿತ್ತು. ಅಯ್ಯೋ ಹಸಿದಿದೆ ಅಂತ ಹೊಟ್ಟೆ ತುಂಬಾ ಹಾಲು ಕುಡಿಸಿದೆ. ಕುಡಿಯಿತು ಕೂಡ. ಎಷ್ಟು ಖುಷಿಯಾಗಿತ್ತು ಅಂದರೆ, ಫೋಟೋ ತೆಗೆದು ಅಕ್ಕನಿಗೆ ಕಳಿಸಿದ್ದೆ. ರಾತ್ರಿ ನೋಡಿದರೆ ಹೊಟ್ಟೆ ತಮಟೆ ಥರ ಬಿಗಿದಿತ್ತು. ಬೆಳಗಿನ ಹೊತ್ತಿಗೆ ಹೋಗಿತ್ತು. ಮೈ ತಣ್ಣಗಿರುವ ಮರಿಗೆ ಹಾಲು ಅರಗುವುದಿಲ್ಲ, ಹೊಟ್ಟೆಯಲ್ಲೇ ಕೆಡುತ್ತದೆ. ಆಗ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಈಗ ಅದನ್ನು ಎರಡೂ ಅಂಗೈ ನಡುವೆ ಇಟ್ಟುಕೊಳ್ಳಿ. ಇಲ್ಲ ಬಟ್ಟೆಯೊಳಗೆ ಸುತ್ತಿ ಹೊಟ್ಟೆಗೆ ಒತ್ತಿಕೊಂಡು ಕೂತುಕೊಳ್ಳಿ. ಒಂದು ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಡಬ್ಬದ ಒಂದೇ ಪಕ್ಕಕ್ಕೆ ಇಡಿ. ಇನ್ನೊಂದು ಪಕ್ಕ ಖಾಲಿ ಇರಲಿ, ಸೆಕೆಯಾದರೆ ಮರಿ ತಾನೇ ಆ ಕಡೆ ತೆವಳುತ್ತದೆ. ನೀರು ಆರಿದ ಹಾಗೆ ಬದಲಿಸುತ್ತಾ ಇರಬೇಕು. ಆರಿದ ಬಾಟಲಿ ಇದ್ದರೆ ಅದೇ ಮರಿಯ ಬಿಸಿ ಎಳೆದುಕೊಳ್ಳುತ್ತದೆ. ಟವೆಲ್ ತೆಗೆದುಬಿಡಿ, ಅದರ ಎಳೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಹಳೇ ಟೀ ಶರ್ಟ್ ಹಾಕಿ. ಮುಚ್ಚಳಕ್ಕೆ ನಾಲ್ಕು ತೂತು ಮಾಡಿ ಮುಚ್ಚಿ, ಬೆಕ್ಕು ಬರದ ಕೋಣೆಯಲ್ಲಿ ಬಾಗಿಲು ಹಾಕಿ ಇಡಿ.

ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು. ನಿಮ್ಮತ್ತೆಗೆ ಹಾಗೇ ಹೇಳಬೇಡಿ, ನಿಧಾನವಾಗಿ ಹೇಳಿ :) ಮರಿ ಬೆಚ್ಚಗಾದ ಮೇಲೆ ತಾಯಿ ಹತ್ತಿರ ಸೇರಿಸುವ ಪ್ರಯತ್ನ ಮಾಡಲೇಬೇಕು. ತಾಯಿ ಅಳಿಲಿಗೆ ಎಷ್ಟೋ ಸಲ ಇನ್ನೊಂದು ಗೂಡು ಇರುತ್ತದೆ. ಬಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ, ಮರಿ ಅದರ ಕುತ್ತಿಗೆ ಸುತ್ತ ಮುದುರಿಕೊಳ್ಳುತ್ತದೆ. ಒಂದು ಸಲ ನಾನೇ ನೋಡಿದ್ದೇನೆ. ಡಬ್ಬವನ್ನು ಅದೇ ಮರಕ್ಕೆ ಇರುವೆ, ಬೆಕ್ಕು ಸಿಗದ ಎತ್ತರದಲ್ಲಿ ಕಟ್ಟಿ. ಒಳಗೆ ಬಿಸಿ ಬಾಟಲಿ ಇರಲಿ, ಮುಚ್ಚಳ ಬೇಡ, ಬಿಸಿಲು ಬೀಳಬಾರದು. ನೀವು ಕಿಟಕಿಯಿಂದ ನೋಡುತ್ತಾ ಇರಿ. ಯಾರಾದರೂ ಕೆಳಗೆ ನಿಂತಿದ್ದರೆ ತಾಯಿ ಇಳಿಯುವುದಿಲ್ಲ. ಸಂಜೆಯಾದ ಮೇಲೆ ಅಳಿಲು ಓಡಾಡುವುದಿಲ್ಲ, ಕತ್ತಲಾಗುವ ಮೊದಲೇ ಮರಿಯನ್ನು ಒಳಗೆ ತನ್ನಿ.


ಕಿಟಕಿ_ಸೀಟು | 11:48

ಅಕ್ಕ, ತುಂಬಾ ಥ್ಯಾಂಕ್ಸ್. ಟೀ ಶರ್ಟ್ ಹಾಕಿದೆ, ಬಾಟಲಿ ಇಟ್ಟೆ. ಕೈಯಲ್ಲಿ ಅರ್ಧ ಗಂಟೆ ಹಿಡಿದುಕೊಂಡಿದ್ದೆ. ಈಗ ಬೆಚ್ಚಗಿದೆ, ಕಾಲು ಆಡಿಸುತ್ತಿದೆ. ಚೀ ಚೀ ಅಂತ ಕೂಗಿತು! ಹಸಿವು ಇರಬೇಕು. ಏನೂ ಕೊಡದೇ ಮರಕ್ಕೆ ಕಟ್ಟಲಾ?


ಹೆಂಚಿನ_ಮನೆ | 11:56

ಕೂಗಿತು ಅಂದರೆ ಒಳ್ಳೇದು. ತಾಯಿಯನ್ನು ಕರೆಯುವುದೇ ಆ ಕೂಗು, ಮರದ ಮೇಲಿಂದ ಕೇಳಿಸಲಿ.

ಅದಕ್ಕೆ ಮೊದಲು ಭುಜದ ಹತ್ತಿರ ಚರ್ಮವನ್ನು ಮೆಲ್ಲಗೆ ಎತ್ತಿ ಬಿಡಿ. ತಕ್ಷಣ ಕೂತರೆ ಸರಿ. ಡೇರೆಯ ಹಾಗೆ ಎದ್ದೇ ನಿಂತರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ. ಯಾವ ರುಚಿಯೂ ಸೇರಿಸದ ಓಆರ್‌ಎಸ್ ಪುಡಿ ಇದ್ದರೆ, ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಹಾಕಿ, ಉಗುರು ಬೆಚ್ಚಗೆ ಮಾಡಿ ಕೊಡಿ. ಹತ್ತಿ ಬೇಡ, ಹತ್ತಿಯಿಂದ ಎಷ್ಟು ಬಿತ್ತು ಅಂತ ಲೆಕ್ಕ ಸಿಗುವುದಿಲ್ಲ. ಸೂಜಿ ತೆಗೆದ 1 ಎಂಎಲ್ ಸಿರಿಂಜ್ ತರಿಸಿ. ದೊಡ್ಡ ಸಿರಿಂಜ್‌ನಲ್ಲಿ ಸ್ವಲ್ಪ ಒತ್ತಿದರೂ ಬಾಯಿ ತುಂಬಾ ಸುರಿಯುತ್ತದೆ.

ಹಿಡಿಯುವ ರೀತಿ ಮುಖ್ಯ. ಅಂಗಾತ ಅಲ್ಲವೇ ಅಲ್ಲ. ಹೊಟ್ಟೆ ಕೆಳಗೆ, ತಲೆ ಸ್ವಲ್ಪ ಮೇಲೆ. ಬಟ್ಟೆಯಲ್ಲಿ ಸುತ್ತಿ ಎಡಗೈಯಲ್ಲಿ ಹಿಡಿಯಿರಿ, ಮುಂಗಾಲು ಎರಡೂ ಆಚೆ ಇರಲಿ. ತುಟಿಗೆ ಒಂದು ಹನಿ ಮುಟ್ಟಿಸಿ ಕಾಯಿರಿ. ಮೊದಲು ಮುಖ ಆ ಕಡೆ ಈ ಕಡೆ ತಿರುಗಿಸುತ್ತದೆ, ಆಮೇಲೆ ರುಚಿ ಸಿಗುತ್ತದೆ. ಸಿಕ್ಕಿತು ಅಂದರೆ ಆ ಎರಡು ಕೈಯಲ್ಲಿ ಸಿರಿಂಜ್ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ ನೋಡಿ. ಅದು ನುಂಗಿದ ಮೇಲೆ ಇನ್ನೊಂದು ಹನಿ. ಮೂಗಿನಿಂದ ಬಂದರೆ ತಕ್ಷಣ ನಿಲ್ಲಿಸಿ, ತಲೆ ಕೆಳಗೆ ಬಾಗಿಸಿ, ಒರೆಸಿ, ಉಸಿರು ಸರಿಹೋಗುವವರೆಗೆ ಬಿಡಿ.

ಸುಮಾರು ಅರ್ಧ ಎಂಎಲ್ ಸಾಕು. ಆಮೇಲೆ ಮರಕ್ಕೆ.


ಬಿಳಿ_ಕೋಟು_ಇಲ್ಲದವನು | 12:30

ನಾನು ಪಶುವೈದ್ಯರ ಹತ್ತಿರ ಕೆಲಸ ಮಾಡುತ್ತೇನೆ, ಡಾಕ್ಟರ್ ಅಲ್ಲ. ಎರಡೇ ಮಾತು.

ನಿಮ್ಮ ಬೆಕ್ಕು ಅದಕ್ಕೆ ಬಾಯಿ ಹಾಕಿಲ್ಲ ಅಂತ ಖಾತ್ರಿ ಇದೆಯಾ? ಹಾಕಿದ್ದರೆ ಕಾಯಬೇಡಿ. ಬೆಕ್ಕಿನ ಹಲ್ಲಿನ ಗಾಯ ಸೂಜಿ ಚುಚ್ಚಿದಷ್ಟೇ ಇರುತ್ತದೆ, ಕೂದಲಲ್ಲಿ ಕಾಣುವುದೇ ಇಲ್ಲ. ಆದರೆ ಒಳಗೆ ನಂಜು ಏರುತ್ತದೆ. ಅದೇ ದಿನ ಆಂಟಿಬಯಾಟಿಕ್ ಶುರು ಮಾಡಬೇಕು, ಅದನ್ನು ಡಾಕ್ಟರೇ ತೂಕ ನೋಡಿ ಕೊಡಬೇಕು. ಮನೆಯಲ್ಲಿರುವ ಸಿರಪ್ ಅಂದಾಜಿನಲ್ಲಿ ಹಾಕಬೇಡಿ.

ಇನ್ನೊಂದು, ಹಾಲು ಮೂಗಿನಿಂದ ಬಂದಿದೆ ಅಂದಿರಿ. ಒಂದೆರಡು ದಿನ ಮರಿಯನ್ನು ಕಿವಿಯ ಹತ್ತಿರ ಹಿಡಿದು ಉಸಿರು ಕೇಳಿ. ಟಿಕ್ ಟಿಕ್ ಅಂತ ಸದ್ದು ಬಂದರೆ, ಇಲ್ಲ ಬಾಯಿ ತೆರೆದು ಉಸಿರಾಡಿದರೆ ನ್ಯುಮೋನಿಯಾ ಇರಬಹುದು. ತಡ ಮಾಡದೆ ತೋರಿಸಿ. ಚಿಗಟ ಕಂಡರೆ ಬಾಚಣಿಗೆಯಲ್ಲಿ ತೆಗೆಯಿರಿ, ನಾಯಿಗೆ ಹಾಕುವ ಪೌಡರ್ ಹಾಕಬೇಡಿ.


ಕಿಟಕಿ_ಸೀಟು | ಸಂಜೆ 6:25

ಬೆಕ್ಕು ಮುಟ್ಟಿಲ್ಲ, ಅದು ಆಗ ಒಳಗೆ ಮಲಗಿತ್ತು. ಉಸಿರೂ ಸರಿ ಇದೆ.

ತಾಯಿ ಬರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಒಂದು ಅಳಿಲು ಗೋಡೆ ಮೇಲೆ ಬಂದು ಬಾಲ ಕುಣಿಸುತ್ತಾ ಕೂಗುತ್ತಿತ್ತು, ಅದೇ ಅಂದುಕೊಂಡೆ. ಮರ ಹತ್ತದೇ ಹೊರಟುಹೋಯಿತು. ಮೂರು ಸಲ ಬಾಟಲಿ ಬದಲಿಸಿದೆ. ಆಮೇಲೆ ಬೀದಿ ತಿರುವಿನಲ್ಲಿ ಒಂದು ಅಳಿಲು ಸತ್ತು ಬಿದ್ದಿದೆ ಅಂತ ಮಗ ಬಂದು ಹೇಳಿದ. ಹೋಗಿ ನೋಡಿದೆ. ಮೊಲೆಯ ಸುತ್ತ ಕೂದಲು ಇರಲಿಲ್ಲ. ಹಾಲು ಕುಡಿಸುತ್ತಿದ್ದ ತಾಯಿ ಅಂತ ನನಗೇ ಗೊತ್ತಾಯಿತು.

ಈಗ ನಾನೇ ನೋಡಿಕೊಳ್ಳಬೇಕು. ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ, 22 ಗ್ರಾಂ.


ಹೆಂಚಿನ_ಮನೆ | 6:50

ಛೇ. ಹೋಗಿ ನೋಡಿದ್ದು ಒಳ್ಳೇದಾಯಿತು, ಇಲ್ಲದಿದ್ದರೆ ನಾಳೆಯೂ ಮರಕ್ಕೆ ಕಟ್ಟಿ ಕಾಯುತ್ತಿದ್ದಿರಿ.

ನಾಳೆ ಬೆಳಗ್ಗೆಯೇ ವನ್ಯಜೀವಿ ರಕ್ಷಣೆ ಮಾಡುವವರು ಹತ್ತಿರದಲ್ಲಿ ಇದ್ದಾರಾ ವಿಚಾರಿಸಿ. ಅವರ ಹತ್ತಿರ ಬೇರೆ ಮರಿಗಳಿದ್ದರೆ ಇದು ಅವುಗಳ ಜೊತೆ ಬೆಳೆಯುವುದು ಎಲ್ಲಕ್ಕಿಂತ ಒಳ್ಳೇದು. ಅಳಿಲು ಸಾಕುಪ್ರಾಣಿ ಅಲ್ಲ, ಬಹಳ ಕಡೆ ಮನೆಯಲ್ಲಿ ಇಟ್ಟುಕೊಳ್ಳಲು ಕಾನೂನೂ ಬಿಡುವುದಿಲ್ಲ. ಅಲ್ಲಿಯವರೆಗಿನದು ಹೇಳುತ್ತೇನೆ.

ಹಸುವಿನ ಹಾಲು ಬೇಡ, ಭೇದಿಯಾಗುತ್ತದೆ. ಇಷ್ಟು ಚಿಕ್ಕ ಮರಿಗೆ ಭೇದಿ ಶುರುವಾದರೆ ಒಂದೇ ದಿನದಲ್ಲಿ ಒಣಗಿಹೋಗುತ್ತದೆ. ನಾಯಿಮರಿಗೆ ಅಂತ ಹಾಲಿನ ಪುಡಿ ಬರುತ್ತದೆ, ಅದು ತನ್ನಿ. ಒಂದು ಚಮಚ ಪುಡಿಗೆ ಎರಡು ಚಮಚ ಬಿಸಿನೀರು. ಗಂಟಿಲ್ಲದ ಹಾಗೆ ಕಲಸಿ, ಕೆಲವು ಗಂಟೆ ಫ್ರಿಜ್‌ನಲ್ಲಿಟ್ಟರೆ ಚೆನ್ನಾಗಿ ಕರಗುತ್ತದೆ. ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ. ಕೊಡುವಾಗ ಬೇಕಾದಷ್ಟನ್ನೇ ಲೋಟಕ್ಕೆ ಹಾಕಿ, ಬಿಸಿನೀರಿನ ಬಟ್ಟಲಲ್ಲಿ ಕೂರಿಸಿ ಬೆಚ್ಚಗೆ ಮಾಡಿ. ಪುಡಿ ಸಿಗುವವರೆಗೆ ಒಂದು ದಿನದ ಮಟ್ಟಿಗೆ ಮೇಕೆ ಹಾಲು ನಡೆಯುತ್ತದೆ. ಮೊದಲೇ ಗಟ್ಟಿ ಹಾಲು ಬೇಡ. ಒಂದೆರಡು ಸಲ ಓಆರ್‌ಎಸ್ ಮಾತ್ರ, ಆಮೇಲೆ ಅದಕ್ಕೇ ಸ್ವಲ್ಪ ಸ್ವಲ್ಪ ಹಾಲು ಸೇರಿಸುತ್ತಾ ಬನ್ನಿ.

ಒಂದು ಸಲಕ್ಕೆ ತೂಕದ ನೂರಕ್ಕೆ ಐದರಷ್ಟು. 22 ಗ್ರಾಂ ಮರಿಗೆ 1 ಎಂಎಲ್‌ಗಿಂತ ಒಂದು ಹನಿ ಜಾಸ್ತಿ, ಅಷ್ಟೆ. ಇನ್ನೂ ಬೇಕು ಅಂತ ಕೂಗುತ್ತದೆ, ಸಿರಿಂಜ್ ಬಿಡುವುದೇ ಇಲ್ಲ. ಕರಗಿಬಿಡಬೇಡಿ. ಮೂರು ಗಂಟೆಗೊಮ್ಮೆ ಕೊಡಿ, ರಾತ್ರಿಯೂ ಅಲಾರಂ ಇಟ್ಟುಕೊಳ್ಳಿ.

ಇದನ್ನು ಯಾರೂ ಹೇಳುವುದಿಲ್ಲ: ಕಣ್ಣು ಬಿಡದ ಮರಿ ತಾನಾಗಿ ಉಚ್ಚೆ, ಕಕ್ಕ ಮಾಡುವುದಿಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ನೀವು ಹತ್ತಿಯನ್ನು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ, ಪ್ರತಿ ಸಲ ಹಾಲು ಕೊಟ್ಟ ಮೇಲೆ ಹೊಟ್ಟೆಯ ಕೆಳಗೆ ಮೆತ್ತಗೆ ತಟ್ಟಿ. ಒತ್ತಿ ಉಜ್ಜಬೇಡಿ, ಚರ್ಮ ಕಿತ್ತುಬರುತ್ತದೆ. ಒಂದು ನಿಮಿಷದೊಳಗೆ ಹತ್ತಿ ಹಳದಿಯಾಗುತ್ತದೆ. ಗಾಢ ಹಳದಿ ಆದರೆ ನೀರು ಸಾಲದು ಅಂತ ಲೆಕ್ಕ. ಬಾಯಿ, ಕತ್ತು ಒರೆಸಿಯೇ ಮಲಗಿಸಿ. ಹಾಲಿನ ವಾಸನೆಗೆ ಇರುವೆ ಸಾಲುಗಟ್ಟಿ ಬರುತ್ತವೆ. ನನ್ನ ಮೂರನೇ ಮರಿಯ ಕಿವಿ ಕಚ್ಚಿ ತೂತು ಮಾಡಿದ್ದವು. ಅವತ್ತಿನಿಂದ ಡಬ್ಬವನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿಗೆ ಮೇಲೆ ಇಡುತ್ತೇನೆ.


ಹಳೇ_ಸೈಕಲ್ | ರಾತ್ರಿ 8:15

ಹೆಂಚಿನ ಮನೆಯವರೇ, ಬೇಜಾರೇನಿಲ್ಲ. ಚಿಕ್ಕವನಿದ್ದಾಗ ನಮ್ಮ ತಾತ ಹಾಗೇ ಕುಡಿಸುತ್ತಿದ್ದರು. ಈಗ ನೆನಪು ಮಾಡಿಕೊಂಡರೆ, ಆ ಮರಿಗಳಲ್ಲಿ ಒಂದೂ ಬದುಕಿರಲಿಲ್ಲ.


ಕಿಟಕಿ_ಸೀಟು | ಹನ್ನೊಂದನೇ ದಿನ

ಅಕ್ಕ, ಬರೆಯಲು ಪುರಸೊತ್ತೇ ಆಗಲಿಲ್ಲ. ನಿದ್ದೆಯಿಲ್ಲದೆ ಆಫೀಸಿನಲ್ಲಿ ಎರಡು ಸಲ ತೂಕಡಿಸಿ ಸಿಕ್ಕಿಬಿದ್ದೆ. ರಕ್ಷಣೆಯವರ ಹತ್ತಿರ ಮಾತಾಡಿದೆ. ಕಣ್ಣು ಬಿಟ್ಟ ಮೇಲೆ ತಂದುಕೊಡಿ, ಅದೇ ವಯಸ್ಸಿನ ಎರಡು ಮರಿ ಇವೆ ಅಂದರು. ಅಲ್ಲಿಯವರೆಗೆ ಏನು ಮಾಡಬೇಕು ಅಂತ ಫೋನಿನಲ್ಲೇ ಹೇಳುತ್ತಿದ್ದಾರೆ.

ಈಗ 36 ಗ್ರಾಂ. ಬಾಲದಲ್ಲಿ ಕೂದಲು ಬಂದಿದೆ, ಪಟ್ಟೆ ಎದ್ದು ಕಾಣುತ್ತದೆ. ಕೆಳಗಿನ ಎರಡು ಹಲ್ಲು ಅಕ್ಕಿ ನುಚ್ಚಿನಷ್ಟು ಬಂದಿವೆ. ಮುಟ್ಟಿದರೆ ತಾಯಿ ಬರಲ್ಲ ಅಂದಿದ್ದ ಅತ್ತೆಯೇ ಈಗ ಬೆಳಗಿನ ಜಾವದ ಪಾಳಿ ಮಾಡುತ್ತಾರೆ. ತೂಕ ಬರೆಯಲು ಕ್ಯಾಲೆಂಡರ್ ಹಿಂದೆ ಪಟ್ಟಿ ಕೂಡ ಹಾಕಿದ್ದಾರೆ. ಶೇಂಗಾ, ಸೂರ್ಯಕಾಂತಿ ಬೀಜ ತಂದಿಟ್ಟಿದ್ದಾರೆ, ಈಗಲೇ ಕೊಡಬಹುದಾ ಅಂತ ದಿನಾ ಕೇಳುತ್ತಾರೆ.

ಇವತ್ತು ಬೆಳಗ್ಗೆ ಬಲಗಣ್ಣು ಸ್ವಲ್ಪ ಬಿರಿದಿದೆ, ಒಳಗೆ ಕಪ್ಪು ಹೊಳೆಯಿತು. ಎಡಗಣ್ಣು ಇನ್ನೂ ಮುಚ್ಚೇ ಇದೆ. ಬೆಚ್ಚಗಿನ ನೀರಲ್ಲಿ ಒರೆಸಿ ಬಿಡಿಸಲಾ?


ಹೆಂಚಿನ_ಮನೆ | ಹನ್ನೊಂದನೇ ದಿನ

ಬಿಡಿಸಬೇಡಿ! ಒಂದು ಕಣ್ಣು ಇವತ್ತು, ಇನ್ನೊಂದು ನಾಳೆ ನಾಳಿದ್ದು, ಹಾಗೇ ಆಗುವುದು. ಊದಿಕೊಂಡರೆ, ಕೀವು ಬಂದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಬೀಜ ಈಗ ಬೇಡ ಅಂತ ಅತ್ತೆಗೆ ಹೇಳಿ. ಮುಂದೆಯೂ ಬರೀ ಬೀಜವೇ ಆದರೆ ಸುಣ್ಣದ ಅಂಶ ಸಾಲದೆ ಮೂಳೆ ಮೆತ್ತಗಾಗಿ ಹಿಂಗಾಲು ಬಿದ್ದುಹೋಗುತ್ತದೆ. ಬೀಜವನ್ನೇ ಇಷ್ಟಪಟ್ಟು ತಿನ್ನುತ್ತವೆ, ಅದೇ ತೊಂದರೆ. ಎರಡೂ ಕಣ್ಣು ಬಿಟ್ಟು, ಕೂತು ಕೈಯಲ್ಲಿ ಹಿಡಿದು ತಿನ್ನುವ ಹಾಗಾದ ಮೇಲೆ ತರಕಾರಿ ಚೂರು, ಎಳೆ ಎಲೆಯಿಂದ ಶುರು ಮಾಡಬೇಕು. ಅದನ್ನು ಅಲ್ಲಿಯವರು ನೋಡಿಕೊಳ್ಳುತ್ತಾರೆ. ಹಾಲು ಒಮ್ಮೆಲೇ ನಿಲ್ಲಿಸಬಾರದು, ಮರಿಯೇ ಸಿರಿಂಜ್ ತಳ್ಳುವವರೆಗೆ ಕೊಡಬೇಕು.

36 ಗ್ರಾಂ ಅಂದರೆ ಈಗ ಒಂದು ಸಲಕ್ಕೆ 1.8 ಎಂಎಲ್. ನಾಲ್ಕು ಗಂಟೆಗೊಮ್ಮೆ ಸಾಕು. ಇವತ್ತು ರಾತ್ರಿ ಒಂದು ಅಲಾರಂ ಕಮ್ಮಿ ಮಾಡಿಕೊಂಡು ಮಲಗಿ.


ಕಿಟಕಿ_ಸೀಟು | ಹದಿಮೂರನೇ ದಿನ

ಎಡಗಣ್ಣೂ ಬಿಟ್ಟಿತು. ಅತ್ತೆಯ ಪಾಳಿಯಲ್ಲಿ, ಐದೂವರೆಗೆ. ನನ್ನನ್ನು ಎಬ್ಬಿಸಲೇ ಇಲ್ಲ. ನಾಳೆ ಕರೆದುಕೊಂಡು ಹೋಗಬೇಕು, ಡಬ್ಬದ ಮುಚ್ಚಳಕ್ಕೆ ಇನ್ನೂ ನಾಲ್ಕು ತೂತು ಮಾಡಿ ಇಟ್ಟಿದ್ದಾರೆ.